ಕರಾವಳಿಯ ಕಾವಿ ಗೋಡೆಗಳು

ಗೋವೆಯಿಂದ ಉತ್ತರ ಕನ್ನಡದವರೆಗಿನ ಕರಾವಳಿಯ ಹಳೆಯ ದೇವಾಲಯಗಳಲ್ಲಿ ಬಿಳಿಯ ಗೋಡೆಗಳ ಮೇಲೆ ಕೆಂಪಾಗಿ ಮೂಡಿದ ದೇವತೆಗಳು, ಬಳ್ಳಿಗಳು ಕಾಣುತ್ತವೆ. ನೋಡಿದವರು ಕುಂಚದ ಕೆಲಸವೆಂದೇ ತಿಳಿಯುತ್ತಾರೆ. ಇದು ಗಾರೆಯವನ ಕೈಚಳಕ. ಹೆಸರು ಕಾವಿ ಕಲೆ.

ಸಮುದ್ರದ ಚಿಪ್ಪುಗಳನ್ನು ಸುಟ್ಟು ಪಡೆದ ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲವನ್ನೂ ಬೆರೆಸಿ, ಕೆಲವು ವಾರ ಕೊಳೆಯಲು ಬಿಟ್ಟು, ನುಣ್ಣಗೆ ಅರೆದು ಗೋಡೆಗೆ ಮೆತ್ತುತ್ತಿದ್ದರು. ಅದರ ಮೇಲೆ ಕಾವಿ, ಎಂದರೆ ಕೆಮ್ಮಣ್ಣು ಬೆರೆತ ಸುಣ್ಣದ ತೆಳುವಾದ ಲೇಪ. ಇದು ಹಸಿಯಾಗಿರುವಾಗಲೇ ಉಕ್ಕಿನ ಕಂಟದಿಂದ ಗೆರೆ ಕೊರೆದು, ಬೇಡವಾದೆಡೆ ಕೆಂಪನ್ನು ಕೆರೆದರೆ ಒಳಗಿನ ಬಿಳುಪು ಹೊರಬರುತ್ತದೆ. ಓಲೆಗರಿಯ ಮೇಲೆ ಬರೆಯುವ ಲೇಖನಿಗೂ ಹಿರಿಯರು ಕಂಟವೆಂದೇ ಹೆಸರಿಟ್ಟಿದ್ದರು. ಎರಡರಲ್ಲಿಯೂ ತಪ್ಪಿದ ಗೆರೆಯನ್ನು ಅಳಿಸುವಂತಿಲ್ಲ! ಕೊನೆಗೆ ಹಲವು ದಿನ ನೀರುಣಿಸಿ, ನುಣುಪಾದ ಹೊಳೆಗಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಿದ್ದರು. ಸುಣ್ಣವು ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ಮರಳಿ ಕಲ್ಲಾಗುವುದರಿಂದ ಬಣ್ಣವು ಗೋಡೆಯೊಡನೆ ಒಂದಾಗಿ ಕರಾವಳಿಯ ಮಳೆಗೂ ತಡೆದು ನಿಲ್ಲುತ್ತದೆ.

ಈ ಗುಣವೇ ಅದಕ್ಕೆ ಮುಳುವೂ ಆಯಿತು. ಚಿತ್ರಪಟದಂತೆ ಕಳಚಿ ಇರಿಸಿಕೊಳ್ಳಲು ಬಾರದು. ಜೀರ್ಣೋದ್ಧಾರವೆಂದು ಗೋಡೆ ಕೆಡವಿ ಸಿಮೆಂಟು ಬಳಿದಲ್ಲಿ ಚಿತ್ರವೂ ಹೋಯಿತು. ಇದಕ್ಕೆ ಉದ್ಧಾರವೆಂಬ ಪದ ಸಲ್ಲುವುದೇ ಎಂದು ನನಗೆ ಸಂದೇಹ. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು (1934–2002) ಅಲೆದಾಡಿ ಈ ಚಿತ್ರಗಳನ್ನು ದಾಖಲಿಸಿದ್ದರಿಂದ ಕಾವಿಯ ಹೆಸರು ಹೊರಗಿನವರಿಗೂ ತಿಳಿಯಿತು.

ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿ ಕಾವಿ ಚಿತ್ರಗಳಿವೆ. ಇಂತಹ ಯಾವುದೇ ಗುಡಿಗೆ ಹೋದವರು ದರ್ಶನ ಮುಗಿಸಿ ಗೋಡೆಯ ಪಕ್ಕದಲ್ಲಿ ನಿಂತು ಓರೆಯಾಗಿ ನೋಡಬೇಕು. ನಿಜವಾದ ಕಾವಿಯಲ್ಲಿ ಕೆಂಪು ತುಸು ಉಬ್ಬಿ, ಬಿಳುಪು ತಗ್ಗಿರುತ್ತದೆ.