ಉಸಿರೋ ನಾಡಿಯೋ: ಹೈದರಾಬಾದಿನ ಕ್ಲೋರೋಫಾರಂ ಪರೀಕ್ಷಾಮಂಡಲಿಗಳ ವಿಚಾರ

ಮನುಷ್ಯನು ಬದುಕಿರುವನೆಂದು ತಿಳಿಯುವುದಕ್ಕೆ ಲೋಕವು ಹಿಂದಿನಿಂದಲೂ ಎರಡು ಕುರುಹುಗಳನ್ನು ನೋಡುತ್ತ ಬಂದಿದೆ. ಮೂಗಿನೆದುರು ಬೆರಳಿಟ್ಟು ಉಸಿರನ್ನು ನೋಡುವುದು ಒಂದು. ಮಣಿಕಟ್ಟನ್ನು ಹಿಡಿದು ನಾಡಿಯನ್ನು ನೋಡುವುದು ಇನ್ನೊಂದು. ಔಷಧದಿಂದ ಅರಿವು ತಪ್ಪಿದ ರೋಗಿಯಲ್ಲಿ ಈ ಎರಡರೊಳಗೆ ಯಾವುದು ಮೊದಲು ಕೆಡುವುದು, ವೈದ್ಯನು ಯಾವುದರ ಮೇಲೆ ಕಣ್ಣಿಟ್ಟಿರಬೇಕು ಎಂಬ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲವೈದ್ಯರನ್ನು ಎರಡು ಪಕ್ಷಗಳಾಗಿ ಒಡೆದಿತ್ತು. ಆ ವಿವಾದವನ್ನು ಕೊನೆಗಾಣಿಸಬೇಕೆಂಬ ಅತಿ ದೊಡ್ಡ ಪ್ರಯತ್ನವು ಲಂಡನ್ನಿನಲ್ಲಾಗಲಿ ಎಡಿನ್‌ಬರೋದಲ್ಲಾಗಲಿ ನಡೆಯದೆ, ನಿಜಾಮರ ಹೈದರಾಬಾದಿನಲ್ಲಿ ನಡೆಯಿತು. ಬೀದರ, ಕಲಬುರಗಿ, ರಾಯಚೂರು ಎಂಬ ಕನ್ನಡಸೀಮೆಗಳು ೧೯೫೬ರವರೆಗೂ ಸೇರಿದ್ದುದು ಆ ರಾಜ್ಯಕ್ಕೇ. ಅಲ್ಲಿ ಹೊರಟ ತೀರ್ಮಾನವು ತಪ್ಪಾಯಿತು. ಆದರೆ ಅದು ಯಾವ ದಾರಿಯಿಂದ ತಪ್ಪಾಯಿತೆಂಬುದನ್ನು ಅರಿಯುವುದು ಆ ತೀರ್ಮಾನಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿದೆ.

೧. ಪೂರ್ವವೃತ್ತಾಂತ

ಶಸ್ತ್ರಕ್ರಿಯೆಗೆ ಮುನ್ನ ರೋಗಿಯ ನೋವನ್ನು ಅಡಗಿಸಬೇಕೆಂಬ ಎಣಿಕೆ ಪ್ರಾಚೀನವಾದುದು. ಸುಶ್ರುತ ಸಂಹಿತೆಯು ರೋಗಿಗೆ ಮೊದಲು ಆಹಾರವನ್ನೂ, ಕುಡಿಯುವ ಅಭ್ಯಾಸವುಳ್ಳವನಿಗೆ ತೀಕ್ಷ್ಣವಾದ ಮದ್ಯವನ್ನೂ ಕೊಡಬೇಕೆಂದು ವಿಧಿಸುತ್ತದೆ. ಭೋಜರಾಜನಿಗೆ ಮೋಹಚೂರ್ಣವನ್ನು ಕೊಟ್ಟು ತಲೆಯ ಶಸ್ತ್ರಚಿಕಿತ್ಸೆ ಮಾಡಿದರೆಂದು ಬಲ್ಲಾಳನ ಭೋಜಪ್ರಬಂಧದಲ್ಲಿ ಕಥೆಯುಂಟು. ಆದರೆ ಕಥೆಯು ಕಥೆಯೇ ಹೊರತು ಪ್ರಮಾಣವಲ್ಲ. ಅದರಿಂದ ಚರಿತ್ರೆಯನ್ನು ಕಟ್ಟುವುದು ಯುಕ್ತವಲ್ಲ. ನಿಸ್ಸಂದೇಹವಾದ ಚರಿತ್ರೆಯು ಮೊದಲಾಗುವುದು ೧೮೪೬ನೆಯ ಅಕ್ಟೋಬರ್ ೧೬ರಂದು. ಆ ದಿನ ಅಮೇರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯಿಂದ ರೋಗಿಯೊಬ್ಬನ ಅರಿವನ್ನು ಅಳಿಸಿ, ಶಸ್ತ್ರವೈದ್ಯರ ಸಭೆಯ ಎದುರಿನಲ್ಲಿ ಅವನ ಕೊರಳಿನ ಗಂಟನ್ನು ತೆಗೆಯಲು ಅವಕಾಶ ಮಾಡಿಕೊಟ್ಟನು. ಮರುವರ್ಷದ ನವೆಂಬರ್ ತಿಂಗಳಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬಾತನು ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. ಈಥರಿಗಿಂತ ಇದರ ವಾಸನೆ ಹಿತ, ಫಲ ಶೀಘ್ರ; ದೀಪದ ಬಳಿಯಲ್ಲಿ ಹೊತ್ತಿಕೊಳ್ಳುವ ಭಯವೂ ಇಲ್ಲ. ಆದಕಾರಣ ಬ್ರಿಟನ್ನಿನಲ್ಲಿಯೂ ಹಿಂದೂದೇಶದಲ್ಲಿಯೂ ಇದೇ ನೆಲೆಯೂರಿತು.

ಆದರೆ ಮೂರು ತಿಂಗಳೊಳಗಾಗಿಯೇ ಅನರ್ಥವೊದಗಿತು. ೧೮೪೮ನೆಯ ಜನವರಿ ೨೮ರಂದು ನ್ಯೂಕ್ಯಾಸಲ್ ಬಳಿಯ ವಿನ್‌ಲೇಟನ್ ಎಂಬ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಬಾಲಿಕೆಯು, ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳಲು ಕುಳಿತವಳು, ಕ್ಲೋರೋಫಾರಮ್ಮನ್ನು ಎಳೆದುಕೊಂಡ ಕೆಲವೇ ನಿಮಿಷಗಳಲ್ಲಿ ಅಸುನೀಗಿದಳು. ರೋಗವಾದರೋ ಅಲ್ಪ, ದೇಹವೋ ಎಳೆಯದು. ಇಂತಹ ಮರಣಗಳು ಅಲ್ಲಲ್ಲಿ ಮತ್ತೆ ಮತ್ತೆ ವರದಿಯಾಗತೊಡಗಿದುವು. ಲಂಡನ್ನಿನ ಜಾನ್ ಸ್ನೋ ಎಂಬ ವಿಚಕ್ಷಣನು, ಆವಿಯು ಮಿತಿಮೀರಿ ದಟ್ಟವಾದರೆ ಹೃದಯವು ಥಟ್ಟನೆ ನಿಲ್ಲಬಹುದೆಂದೂ, ಆದುದರಿಂದ ಗಾಳಿಯಲ್ಲಿ ಆವಿಯ ಪ್ರಮಾಣವನ್ನು ಯಂತ್ರದಿಂದ ಅಳೆದು ಕೊಡಬೇಕೆಂದೂ ವಾದಿಸಿದನು. ಎಡಿನ್‌ಬರೋದ ಜೇಮ್ಸ್ ಸೈಮ್ ಎಂಬ ಶಸ್ತ್ರವೈದ್ಯನ ಸಂಪ್ರದಾಯವಾದರೋ ಇದಕ್ಕೆ ವಿರುದ್ಧ: ಬಟ್ಟೆಯ ಮೇಲೆ ಧಾರಾಳವಾಗಿ ಕೊಡು, ಉಸಿರನ್ನು ನೋಡುತ್ತಿರು, ನಾಡಿಯ ಗೊಡವೆ ಬೇಡ.

೨. ಹೈದರಾಬಾದಿನ ಪರೀಕ್ಷೆಗಳು

ಸೈಮನ ಶಿಷ್ಯನಾದ ಎಡ್ವರ್ಡ್ ಲಾರಿ ಎಂಬಾತನು ೧೮೮೫ರಲ್ಲಿ ಹೈದರಾಬಾದಿಗೆ ರೆಸಿಡೆನ್ಸಿಯ ವೈದ್ಯನಾಗಿ ಬಂದು, ಅಲ್ಲಿನ ವೈದ್ಯಶಾಲೆಯ ಅಧ್ಯಕ್ಷನೂ ಆದನು. ಗುರುವಿನ ಮಾತನ್ನು ವೇದವಾಕ್ಯವೆಂದು ನಂಬಿದ್ದ ಈತನ ಕೈಯಲ್ಲಿ ಸಾವಿರಾರು ಮಂದಿ ಕ್ಲೋರೋಫಾರಂ ತೆಗೆದುಕೊಂಡು ಕ್ಷೇಮವಾಗಿ ಎದ್ದಿದ್ದರು. ಈ ಅನುಭವವನ್ನು ಶಾಸ್ತ್ರವನ್ನಾಗಿ ಸ್ಥಾಪಿಸಬೇಕೆಂಬ ಹಂಬಲದಿಂದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರದ ಆಶ್ರಯದಲ್ಲಿ ೧೮೮೮ರಲ್ಲಿ ಮೊದಲನೆಯ ಪರೀಕ್ಷಾಮಂಡಲಿಯನ್ನು ಏರ್ಪಡಿಸಿದನು. ನೂರಕ್ಕೆ ಮಿಕ್ಕ ನಾಯಿಗಳಿಗೆ ಕ್ಲೋರೋಫಾರಂ ಕೊಟ್ಟು ನೋಡಲಾಗಿ, ಎಲ್ಲೆಡೆಯೂ ಉಸಿರು ಮೊದಲು ನಿಂತು, ಹೃದಯವು ಅನಂತರ ನಿಂತಿತೆಂದು ಮಂಡಲಿಯು ಸಾರಿತು.

ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ಇದನ್ನು ನಂಬಲಿಲ್ಲ. ಆಗ ನಿಜಾಮರು, ಪತ್ರಿಕೆಯು ತಾನೇ ಆರಿಸಿದ ಪರೀಕ್ಷಕನನ್ನು ಕಳುಹಿಸಲೆಂದು ಒಂದು ಸಾವಿರ ಪೌಂಡುಗಳನ್ನು ಕೊಡಮಾಡಿದರು. ಔಷಧವಿಜ್ಞಾನದಲ್ಲಿ ಹೆಸರಾಂತ ತಾಮಸ್ ಲಾಡರ್ ಬ್ರಂಟನ್ ಎಂಬಾತನು ಹೈದರಾಬಾದಿಗೆ ಬಂದನು. ಹೃದಯವೇ ಅಪಾಯಸ್ಥಾನವೆಂದು ಆತನು ನಂಬಿದ್ದವನು; ಎಂದರೆ ಪ್ರತಿವಾದಿಯೇ ಪರೀಕ್ಷಕನಾದಂತಾಯಿತು. ೧೮೮೯ರ ಕೊನೆಯ ತಿಂಗಳುಗಳಲ್ಲಿ ನಾಯಿ, ಕೋತಿ, ಆಡು, ಕುದುರೆ, ಬೆಕ್ಕು, ಮೊಲ ಎಂದು ನಾಲ್ಕು ನೂರಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ರಕ್ತದ ಒತ್ತಡವನ್ನು ಯಂತ್ರದಿಂದ ಬರೆಯಿಸಿ ದಾಖಲೆ ಮಾಡಿದರು. ಫಲ ಹಿಂದಿನದೇ. ಬ್ರಂಟನ್ ತನ್ನ ಮತವನ್ನು ಬಿಟ್ಟು ಲಾರಿಯ ಮತವನ್ನು ಒಪ್ಪಿದನು. ೧೮೯೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಇದೆಲ್ಲವನ್ನೂ ಪ್ರಕಟಿಸಿತು. ಲಾರಿಯ ಶಾಲೆಯಲ್ಲಿ ಕಲಿತವರೊಳಗೆ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸೀ ಮಹಿಳೆಯೂ ಒಬ್ಬಳು. ಕ್ಲೋರೋಫಾರಂ ಕೊಡುವುದನ್ನೇ ವೃತ್ತಿಯನ್ನಾಗಿ ಹಿಡಿದ ಈಕೆಯನ್ನು ಲೋಕದ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಎಣಿಸುವುದುಂಟು.

೩. ತೀರ್ಮಾನದ ದೋಷ

ಪರೀಕ್ಷೆಯು ಪ್ರಾಮಾಣಿಕ, ಪ್ರಾಣಿಗಳ ಸಂಖ್ಯೆಯು ಅಪಾರ, ಪರೀಕ್ಷಕನು ಪ್ರತಿಪಕ್ಷದವನು. ಹೀಗಿದ್ದೂ ಆಸ್ಪತ್ರೆಗಳಲ್ಲಿ ರೋಗಿಗಳು ಮೊದಲಿನಂತೆಯೇ ಥಟ್ಟನೆ ಸಾಯುತ್ತಿದ್ದರು. ೧೮೯೩ರಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ಎಂಬಿಬ್ಬರು ಕ್ಲೋರೋಫಾರಂ ಹೃದಯವನ್ನೇ ನೇರವಾಗಿ ಕುಗ್ಗಿಸುವುದೆಂದು ತೋರಿಸಿದರು. ರಹಸ್ಯವು ಸಂಪೂರ್ಣವಾಗಿ ಬಯಲಾದುದು ೧೯೧೧ರಲ್ಲಿ. ಗುಡ್‌ಮನ್ ಲೀವಿ ಎಂಬ ವೈದ್ಯನು ಬೆಕ್ಕುಗಳಿಗೆ ಕ್ಲೋರೋಫಾರಮ್ಮನ್ನು ಹಗುರವಾಗಿ ಕೊಟ್ಟು, ಆ ಸ್ಥಿತಿಯಲ್ಲಿ ಅಡ್ರಿನಲಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಸೇರಿಸಿದನು. ಒಡನೆಯೇ ಹೃದಯದ ಕೆಳಗಣ ಕೋಶಗಳು ತಾಳ ತಪ್ಪಿ, ಹುಳುಗಳ ಮುದ್ದೆಯಂತೆ ಮಿಡುಕಾಡಿ, ರಕ್ತವನ್ನು ತಳ್ಳಲಾರದೆ ಹೋದುವು. ಅದೇ ಬೆಕ್ಕಿಗೆ ಔಷಧವನ್ನು ಆಳವಾಗಿ ಕೊಟ್ಟರೆ ಈ ಕಂಪನವು ತೋರುತ್ತಿರಲಿಲ್ಲ. ಭಯಗೊಂಡವರ ದೇಹವು ಅಡ್ರಿನಲಿನ್ನನ್ನು ತಾನೇ ಸುರಿಸುತ್ತದೆ. ಹೆದರಿ ಕುಳಿತ ಎಳೆಯರು ಔಷಧದ ಆರಂಭದಲ್ಲಿಯೇ ಸಾಯುತ್ತಿದ್ದುದಕ್ಕೆ ಇದು ಸಮಂಜಸವಾದ ಕಾರಣವಾಯಿತು. ಈ ಹೃತ್ಕಂಪನವೇ ಮನುಷ್ಯರ ಆಕಸ್ಮಿಕ ಮರಣಕ್ಕೆ ಕಾರಣವಾಗಬಹುದೆಂದು ಅಬರ್ಡೀನಿನ ಮ್ಯಾಕ್‌ವಿಲಿಯಂ ಬರೆದುದು ೧೮೮೯ರಲ್ಲಿ, ಹೈದರಾಬಾದಿನ ಎರಡನೆಯ ಮಂಡಲಿಯು ಕುಳಿತ ವರ್ಷದಲ್ಲಿಯೇ ಎಂಬುದು ಗಮನಾರ್ಹ.

ತರ್ಕಶಾಸ್ತ್ರವನ್ನು ಓದಿದವರಿಗೆ ಹೈದರಾಬಾದಿನ ದೋಷವು ಅಪರಿಚಿತವಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದರೆ ತಪ್ಪು. ಹಸಿಯ ಸೌದೆಯೆಂಬುದು ನಡುವೆ ಸೇರಿದಾಗ ಮಾತ್ರ ಬೆಂಕಿಯು ಹೊಗೆಯನ್ನುಂಟುಮಾಡುತ್ತದೆ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಈ ಹಸಿಸೌದೆಯನ್ನು ನೈಯಾಯಿಕರು ಉಪಾಧಿಯೆನ್ನುತ್ತಾರೆ. ಹಸಿಯ ಸೌದೆಯ ಒಲೆಗಳನ್ನೇ ನಾಲ್ಕು ನೂರು ಸಲ ನೋಡಿದರೂ ಉಪಾಧಿಯು ಕಾಣಿಸದು. ಒಂದೇ ಒಂದು ಕಬ್ಬಿಣದ ಗುಂಡನ್ನು ನೋಡಿದರೆ ಕಾಣಿಸುತ್ತದೆ. ಹೈದರಾಬಾದಿನ ಪ್ರಾಣಿಗಳಿಗೆ ಔಷಧವನ್ನು ಸಾಯುವವರೆಗೂ ಆಳವಾಗಿ ಕೊಡಲಾಗುತ್ತಿತ್ತು. ಆಳವಾದ ಪ್ರಯೋಗವೇ ಅಲ್ಲಿನ ಉಪಾಧಿ. ಆ ಉಪಾಧಿಯಲ್ಲಿ ಉಸಿರು ಮೊದಲು ನಿಲ್ಲುವುದು ಸತ್ಯ. ಹಗುರವಾದ ಪ್ರಯೋಗದಲ್ಲಿ ಸಾಯುವ ಭಯಗ್ರಸ್ತ ಮನುಷ್ಯನ ವಿಷಯದಲ್ಲಿ ಆ ಸತ್ಯವು ಸಲ್ಲದು. ಲೀವಿಯ ಬೆಕ್ಕುಗಳೇ ಆ ಕಬ್ಬಿಣದ ಗುಂಡು. ಲಾರಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಸತ್ಯದ ಸೀಮೆಯನ್ನು ಆತನು ಅಳೆದಿರಲಿಲ್ಲ.

೪. ಅನಂತರದ ಕಾಲ

ಇದೇ ತೆರನಾದ ಪಾಠವು ೧೯೫೨ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಮರುಕಳಿಸಿತು. ಪೋಲಿಯೋ ಮಾರಿಯು ಹರಡಿ, ಉಸಿರಾಟದ ಸ್ನಾಯುಗಳು ಸೋತ ೩೧ ರೋಗಿಗಳಲ್ಲಿ ೨೭ ಮಂದಿ ಮೊದಲ ವಾರಗಳಲ್ಲಿಯೇ ತೀರಿಕೊಂಡರು. ರಕ್ತದಲ್ಲಿ ಕ್ಷಾರಾಂಶವು ಹೆಚ್ಚಿರುವುದನ್ನು ಕಂಡ ವೈದ್ಯರು ಅದನ್ನು ಬೇರೊಂದು ವಿಕಾರವೆಂದು ಬಗೆದಿದ್ದರು. ಇಂಗಾಲಾಮ್ಲವಾಯುವು ಹೊರಬೀಳದೆ ದೇಹದಲ್ಲಿ ಸೇರುತ್ತಿರುವುದೇ ಅದಕ್ಕೆ ಕಾರಣವೆಂದು ಅರಿವಳಿಕೆ ವೈದ್ಯನಾದ ಬ್ಯೋರ್ನ್ ಇಬ್ಸೆನ್ ಊಹಿಸಿದನು. ಆಗಸ್ಟ್ ೨೭ರಂದು ಮರಣೋನ್ಮುಖಳಾಗಿದ್ದ ಹನ್ನೆರಡು ವರ್ಷದ ಬಾಲಿಕೆಯ ಶ್ವಾಸನಾಳಕ್ಕೆ ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿಯನ್ನು ತುಂಬಿ ಆಕೆಯನ್ನು ಉಳಿಸಿದನು. ಮುಂದೆ ಸುಮಾರು ಸಾವಿರದ ಐನೂರು ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಕುಳಿತು ರೋಗಿಗಳಿಗಾಗಿ ಉಸಿರಾಡಿದರು. ತೀವ್ರನಿಗಾ ಚಿಕಿತ್ಸೆಯೆಂದು ಇಂದು ಪ್ರಸಿದ್ಧವಾಗಿರುವ ಶಾಖೆಯು ಹುಟ್ಟಿದುದು ಹೀಗೆ.

ಆ ಚಿಕಿತ್ಸೆಯಲ್ಲಿಯೂ ಕುರುಹು ಕಣ್ಣನ್ನು ಮರೆಮಾಡಿದುದುಂಟು. ಕೆಟ್ಟ ಶ್ವಾಸಕೋಶಗಳಿಗೆ ಯಂತ್ರದಿಂದ ದೊಡ್ಡ ಉಸಿರುಗಳನ್ನು ತುಂಬಿದರೆ ಮೊದಲ ದಿನಗಳಲ್ಲಿ ರಕ್ತದ ಆಮ್ಲಜನಕವು ಏರುತ್ತಿತ್ತು, ವೈದ್ಯರು ಹಿಗ್ಗುತ್ತಿದ್ದರು. ೨೦೦೦ದಲ್ಲಿ ಅಮೇರಿಕದಲ್ಲಿ ೮೬೧ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಮಾಡಿದ ಪರೀಕ್ಷೆಯು ಪ್ರಕಟವಾಯಿತು. ದೇಹದ ನಿರೀಕ್ಷಿತ ತೂಕದ ಕಿಲೋಗ್ರಾಮಿಗೆ ೧೨ ಮಿಲಿಲೀಟರಿನಂತೆ ದೊಡ್ಡ ಉಸಿರನ್ನು ಪಡೆದವರಲ್ಲಿ ನೂರಕ್ಕೆ ೩೯.೮ ಮಂದಿ ಮಡಿದರು. ೬ ಮಿಲಿಲೀಟರಿನಂತೆ ಸಣ್ಣ ಉಸಿರನ್ನು ಪಡೆದವರಲ್ಲಿ ೩೧ ಮಂದಿ. ಆಮ್ಲಜನಕದ ಅಂಕವು ಚೆನ್ನಾಗಿದ್ದ ಗುಂಪಿನಲ್ಲಿಯೇ ಮರಣವು ಹೆಚ್ಚು! ಹಿಗ್ಗಿದ ಶ್ವಾಸಕೋಶವು ಒಳಗೊಳಗೇ ಹರಿಯುತ್ತಿದ್ದುದು ಅಂಕದಲ್ಲಿ ಕಾಣುತ್ತಿರಲಿಲ್ಲ.

ಹಗುರವೋ ಆಳವೋ ಎಂಬ ಹೈದರಾಬಾದಿನ ಪ್ರಶ್ನೆಯೂ ರೂಪಾಂತರದಿಂದ ಮತ್ತೆ ಬಂತು. ಆಳವಾದ ಅರಿವಳಿಕೆಯು ವೃದ್ಧರ ಆಯುಸ್ಸನ್ನು ಕುಗ್ಗಿಸುವುದೆಂಬ ಶಂಕೆಯನ್ನು ಪರೀಕ್ಷಿಸಲು ಏಳು ದೇಶಗಳಲ್ಲಿ ಅರುವತ್ತು ದಾಟಿದ ೬೬೪೪ ರೋಗಿಗಳನ್ನು ಆರಿಸಿ, ಮಿದುಳಿನ ವಿದ್ಯುತ್ತರಂಗಗಳನ್ನು ಅಳೆಯುವ ಯಂತ್ರದಿಂದ ಆಳವನ್ನು ನಿಯಮಿಸಿದರು. ಒಂದು ವರ್ಷದೊಳಗೆ ಹಗುರವಾದ ಪ್ರಯೋಗದವರಲ್ಲಿ ನೂರಕ್ಕೆ ೬.೫, ಆಳವಾದುದರಲ್ಲಿ ೭.೨ ಮಂದಿ ತೀರಿಕೊಂಡರು. ಈ ಅಂತರವು ನಿರ್ಣಾಯಕವಲ್ಲವೆಂದು ಪರೀಕ್ಷಕರು ಒಪ್ಪಿಕೊಂಡರು. ಇದು ಪ್ರಕಟವಾದುದು ೨೦೧೯ರಲ್ಲಿ, ಬ್ರಂಟನನನ್ನು ಹೈದರಾಬಾದಿಗೆ ಕಳುಹಿಸಿದ ಅದೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಈ ಬಾರಿ ಪ್ರಶ್ನಿಸಿದುದು ಮನುಷ್ಯರನ್ನೇ. ಲೆಕ್ಕವಿಟ್ಟುದು ಕುರುಹನ್ನಲ್ಲ, ಪ್ರಾಣವನ್ನು.

೫. ಉಪಸಂಹಾರ

ಉಸಿರೋ ನಾಡಿಯೋ ಎಂಬ ಕಲಹವನ್ನು ಶಮನಗೊಳಿಸಿದುದು ವಾದವಲ್ಲ, ಒಂದು ಸಣ್ಣ ಉಪಕರಣ. ಜಪಾನಿನ ತಕುವೊ ಅಓಯಾಗಿ ಎಂಬಾತನು ೧೯೭೪ರಲ್ಲಿ ಪ್ರಕಟಪಡಿಸಿದ ತತ್ತ್ವದಿಂದ ಬೆಳೆದ ಪಲ್ಸ್ ಆಕ್ಸಿಮೀಟರ್, ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ನಾಡಿಯ ಬಡಿತವನ್ನೂ ಉಸಿರು ರಕ್ತಕ್ಕೆ ತಂದ ಆಮ್ಲಜನಕವನ್ನೂ ಒಟ್ಟಿಗೆ ಓದಿ ಹೇಳುತ್ತದೆ. ಎರಡು ಪಕ್ಷಗಳೂ ಒಂದೇ ಬೆರಳಿನ ತುದಿಯಲ್ಲಿ ಕೂಡಿದುವು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಹೊರಡಿಸಿದ ಶಸ್ತ್ರಚಿಕಿತ್ಸೆಯ ಸುರಕ್ಷಾಪಟ್ಟಿಯಲ್ಲಿ ಇದಕ್ಕೂ ಸ್ಥಾನ ದೊರೆಯಿತು.

ಆದರೆ ಉಪಾಧಿಯು ಇಲ್ಲಿಯೂ ಬೆನ್ನುಬಿಡಲಿಲ್ಲ. ೨೦೨೦ರಲ್ಲಿ ಅಮೇರಿಕದ ವೈದ್ಯರು, ಈ ಉಪಕರಣವು ನೂರಕ್ಕೆ ೯೨ರಿಂದ ೯೬ರವರೆಗೆ ತೋರಿಸಿದಾಗಲೂ ರಕ್ತವನ್ನೇ ತೆಗೆದು ಅಳೆದರೆ ೮೮ಕ್ಕಿಂತ ಕಡಮೆಯಿದ್ದ ಸಂದರ್ಭಗಳನ್ನು ಎಣಿಸಿದರು. ಒಂದು ಆಸ್ಪತ್ರೆಯ ಲೆಕ್ಕದಲ್ಲಿ ಬಿಳಿಯರಲ್ಲಿ ಅಂತಹವು ನೂರಕ್ಕೆ ೩.೬, ಕರಿಯರಲ್ಲಿ ೧೧.೭. ಬೆಳಕು ಹಾಯುವುದು ಚರ್ಮದ ಮೂಲಕವಾದುದರಿಂದ, ಚರ್ಮದ ಬಣ್ಣವೇ ಉಪಾಧಿಯಾಗಿ ನಿಂತಿತು. ಶ್ಯಾಮವರ್ಣದ ಜನರೇ ಹೆಚ್ಚಾಗಿರುವ ನಾಡುಗಳಿಗೆ ಇದು ಅಲಕ್ಷಿಸತಕ್ಕ ಮಾತಲ್ಲ.

ವಿನ್‌ಲೇಟನ್ನಿನ ಬಾಲಿಕೆಯು ಸತ್ತುದು ೧೮೪೮ರಲ್ಲಿ. ಅಂತಹ ಮರಣಗಳ ಕಾರಣವು ತಿಳಿದುದು ೧೯೧೧ರಲ್ಲಿ. ನಡುವಣ ಅರುವತ್ತಮೂರು ವರ್ಷಗಳಲ್ಲಿ ಪರೀಕ್ಷೆಗಳಿಗೆ ಕೊರತೆಯಿರಲಿಲ್ಲ, ಧನಕ್ಕೂ ಕೊರತೆಯಿರಲಿಲ್ಲ. ರೋಗಿಯು ಸಾಯುವ ಸ್ಥಿತಿಯನ್ನೇ ಪರೀಕ್ಷೆಯಲ್ಲಿ ಉಂಟುಮಾಡಿ ನೋಡಬೇಕೆಂಬ ಎಚ್ಚರಕ್ಕೆ ಮಾತ್ರ ಕೊರತೆಯಿತ್ತು. ಹೈದರಾಬಾದಿನ ಮಂಡಲಿಗಳ ಚರಿತ್ರೆಯಿಂದ ವೈದ್ಯಶಾಸ್ತ್ರಕ್ಕೆ ಉಳಿದುಬಂದ ಧನವು ಈ ಎಚ್ಚರವೇ ಆಗಿದೆ.