ಪೋಕರ್ ಮೇಜಿನಲ್ಲಿ ಸ್ಥಾನದ ಬಲ

ಸ್ಥಾನ ಎಂದರೇನು

ಪೋಕರ್‌ನಲ್ಲಿ ಪಣ ಕಟ್ಟುವ ಸರದಿ ಯಾರಿಗೆ ಎಷ್ಟನೆಯದಾಗಿ ಬರುತ್ತದೆ ಎಂಬುದನ್ನು ಸ್ಥಾನ ಎನ್ನುತ್ತಾರೆ. ಕುರ್ಚಿ ಬದಲಾಗದಿದ್ದರೂ ಸ್ಥಾನ ಪ್ರತಿ ಆಟಕ್ಕೂ ಬದಲಾಗುತ್ತದೆ. ಇಲ್ಲಿನ ವಿವರಣೆ ಅಮೆರಿಕದ ಟೆಕ್ಸಾಸ್‌ನಲ್ಲಿ ರೂಪುಗೊಂಡ ಟೆಕ್ಸಾಸ್ ಹೋಲ್ಡೆಮ್ ಎಂಬ ಪ್ರಕಾರಕ್ಕೆ ಸಂಬಂಧಿಸಿದ್ದು. ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆಗಳಿರುತ್ತವೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಮೊದಲು ಮೂರು, ಬಳಿಕ ಒಂದೊಂದಾಗಿ ತೆರೆಯುತ್ತಾರೆ. ಹೀಗೆ ಪಣದ ಸುತ್ತುಗಳು ಒಟ್ಟು ನಾಲ್ಕು.

ಬಟನ್ ಮತ್ತು ಬ್ಲೈಂಡ್‌ಗಳು

ಎಲೆ ಹಂಚುವವನ ಗುರುತಾಗಿ ಬಟನ್ ಎಂಬ ಬಿಲ್ಲೆಯನ್ನು ಒಬ್ಬ ಆಟಗಾರನ ಮುಂದಿಡುತ್ತಾರೆ. ಪ್ರತಿ ಆಟ ಮುಗಿದಾಗ ಅದು ಎಡಗಡೆಯ ಆಟಗಾರನಿಗೆ ಸರಿಯುತ್ತದೆ. ಬಟನ್‌ನ ಎಡಕ್ಕಿರುವವನು ಸ್ಮಾಲ್ ಬ್ಲೈಂಡ್, ಅವನ ಪಕ್ಕದವನು ಬಿಗ್ ಬ್ಲೈಂಡ್. ಇವರಿಬ್ಬರೂ ಎಲೆ ನೋಡುವ ಮೊದಲೇ ಕಡ್ಡಾಯ ಪಣ ಇಡಬೇಕು. ಮೊದಲ ಸುತ್ತು ಬಿಗ್ ಬ್ಲೈಂಡ್‌ನ ಎಡಕ್ಕಿರುವ ಅಂಡರ್ ದ ಗನ್ ಸ್ಥಾನದಿಂದ ಹೊರಟು ಬಿಗ್ ಬ್ಲೈಂಡ್‌ನಲ್ಲಿ ಮುಗಿಯುತ್ತದೆ. ಮುಂದಿನ ಮೂರು ಸುತ್ತುಗಳಲ್ಲಿ ಸ್ಮಾಲ್ ಬ್ಲೈಂಡ್ ಮೊದಲಿಗ, ಬಟನ್ ಕೊನೆಯವ. ಬಟನ್‌ಗಿಂತ ಒಂದು ಸ್ಥಾನ ಮೊದಲಿನದು ಕಟಾಫ್, ಎರಡು ಸ್ಥಾನ ಮೊದಲಿನದು ಹೈಜಾಕ್.

ಇಬ್ಬರೇ ಆಡುವಾಗ ಮಾತ್ರ ನಿಯಮ ವಿಚಿತ್ರ: ಬಟನ್ ಇರುವವನೇ ಸ್ಮಾಲ್ ಬ್ಲೈಂಡ್ ಇಡುತ್ತಾನೆ.

ಕೊನೆಯ ಸರದಿಯ ಲಾಭ

ಕೊನೆಯಲ್ಲಿ ನಿರ್ಧರಿಸುವವನಿಗೆ ಉಳಿದವರ ನಡೆಗಳು ಆಗಲೇ ತಿಳಿದಿರುತ್ತವೆ. ಒಂಬತ್ತು ಜನರ ಮೇಜಿನಲ್ಲಿ ಬೇರೆ ಬೇರೆ ಜಾತಿಯ ರಾಜ ಮತ್ತು ಗುಲಾಮ ಕೈಗೆ ಬಂದವೆಂದುಕೊಳ್ಳೋಣ. ಅಂಡರ್ ದ ಗನ್‌ನಲ್ಲಿ ಕುಳಿತವನ ಹಿಂದೆ ಇನ್ನೂ ಎಂಟು ಮಂದಿಯ ಸರದಿ ಬಾಕಿಯಿದೆ. ಅವರಲ್ಲೊಬ್ಬನ ಬಳಿ ಎಕ್ಕ ಮತ್ತು ರಾಜ ಇದ್ದರೆ, ಮೇಜಿನ ಮೇಲೆ ಇನ್ನೊಂದು ರಾಜ ಬಿದ್ದರೂ ಅದು ಮೊದಲಿಗನ ಪಾಲಿಗೆ ಬಲೆಯೇ. ಹೀಗಾಗಿ ನುರಿತವರು ಅಲ್ಲಿ ಈ ಎಲೆಗಳನ್ನು ಕೆಳಗಿಟ್ಟುಬಿಡುತ್ತಾರೆ. ಬಟನ್‌ನಲ್ಲಿ ಇದೇ ಜೋಡಿ ಬಂದು, ಮೊದಲಿನವರೆಲ್ಲ ಹಿಂದೆ ಸರಿದಿದ್ದರೆ, ಎದುರಿಸಬೇಕಾದವರು ಇಬ್ಬರೇ. ಆಗ ಪಣ ಏರಿಸುವುದೇ ಸರಿಯಾದ ಆಟ. ಎಲೆಗಳು ಅವೇ ಆದರೂ ಬೆಲೆ ಬೇರೆ. ಬ್ಲೈಂಡ್‌ಗಳಲ್ಲಿ ಕಡ್ಡಾಯ ಪಣದ ಹೊರೆಯೂ ಇರುವುದರಿಂದ ಉತ್ತಮ ಆಟಗಾರರು ಸಹ ದೀರ್ಘಾವಧಿಯಲ್ಲಿ ಅಲ್ಲಿ ಕಳೆದುಕೊಳ್ಳುತ್ತಾರೆ. ಆ ನಷ್ಟವನ್ನು ಬಟನ್‌ನಲ್ಲಿ ತುಂಬಿಕೊಳ್ಳುವುದು ಅವರ ಜಾಣತನ.

ಸ್ಥಾನದ ಮಹತ್ವಕ್ಕೆ ನಾರ್ವೆಯ ಆಟಗಾರ್ತಿ ಅನೆಟ್ ಓಬ್ರೆಸ್ಟಾಡ್ ಕುತೂಹಲಕರ ನಿದರ್ಶನ. 180 ಜನರಿದ್ದ ಅಂತರ್ಜಾಲ ಪಂದ್ಯವೊಂದನ್ನು ತನ್ನ ಎಲೆಗಳನ್ನು ಒಮ್ಮೆ ಮಾತ್ರ ನೋಡಿ ಗೆದ್ದುದಾಗಿ ಆಕೆ ಹೇಳಿಕೊಂಡಿದ್ದಾರೆ. ಸ್ಥಾನ ಮತ್ತು ಎದುರಾಳಿಗಳ ನಡೆಯತ್ತ ಗಮನವಿಡುವುದು ಆ ಪ್ರಯೋಗದ ಉದ್ದೇಶವಾಗಿತ್ತು. 2007ರಲ್ಲಿ, 18ನೇ ವಯಸ್ಸಿನಲ್ಲಿ, ಲಂಡನ್ನಿನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಯುರೋಪ್‌ನ ಮುಖ್ಯ ಪಂದ್ಯವನ್ನೂ ಅವರು ಗೆದ್ದರು.

ಕಾನೂನಿನ ದೃಷ್ಟಿ

ಪೋಕರ್ ಕೌಶಲದ ಆಟ ಎಂದು ವಾದಿಸುವವರಿಗೆ ಸ್ಥಾನಜ್ಞಾನ ಒಂದು ಗಟ್ಟಿ ಆಧಾರ. ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ಹೇರಿದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಅಂಥ ಎಲ್ಲ ಆಟಗಳನ್ನೂ ದೇಶದಾದ್ಯಂತ ನಿಷೇಧಿಸಿದೆ.