ಇಲಾಖಾ ವಿಚಾರಣೆಯ ಕೊಠಡಿಯಲ್ಲಿ ಯಾರ್ಯಾರು ಇರಬಹುದು? ವಕೀಲರನ್ನು ಕರೆದೊಯ್ಯುವುದು ಹಕ್ಕೇ?

ಸರ್ಕಾರಿ ನೌಕರರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಆಗಾಗ ತಿರುಗುತ್ತಿರುತ್ತವೆ. ಇಲಾಖಾ ವಿಚಾರಣೆಗೆ ವಕೀಲರನ್ನು ಕರೆದೊಯ್ಯುವುದು ಸಂವಿಧಾನವೇ ಕೊಟ್ಟ ಹಕ್ಕು, ಒಪ್ಪದಿದ್ದರೆ ವಿಚಾರಣೆಗೇ ಹೋಗಬೇಡಿ ಎನ್ನುವುದು ಒಂದು. ನೌಕರ ಒಬ್ಬನೇ ಹೋಗಬೇಕು, ಜೊತೆಗೆ ಯಾರೂ ಬರುವಂತಿಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರ ಕೆಲಸವೇ ಹೋಗಬಹುದು.

ಗೊಂದಲ ಎಲ್ಲಿಂದ ಬಂತು ಎಂಬುದು ಊಹಿಸಲು ಕಷ್ಟವಲ್ಲ. ಸಂವಿಧಾನದ 22ನೇ ವಿಧಿಯಲ್ಲಿ ವಕೀಲರ ಮಾತು ಬರುತ್ತದೆ, ಆದರೆ ಅದು ಬಂಧನಕ್ಕೊಳಗಾದವರ ಹಕ್ಕು. ಸರ್ಕಾರಿ ನೌಕರರಿಗೆ ರಕ್ಷಣೆ ಕೊಡುವುದು 311ನೇ ವಿಧಿ. ವಜಾ ಮಾಡುವ, ಸೇವೆಯಿಂದ ತೆಗೆದುಹಾಕುವ ಅಥವಾ ಹುದ್ದೆಯ ದರ್ಜೆ ಇಳಿಸುವ ಮುನ್ನ ಆರೋಪ ಏನೆಂದು ತಿಳಿಸಬೇಕು, ತನ್ನ ಮಾತು ಹೇಳಿಕೊಳ್ಳಲು ಸಾಕಷ್ಟು ಅವಕಾಶ ಕೊಡಬೇಕು ಎಂದು ಅದು ಹೇಳುತ್ತದೆ. ವಕೀಲರ ಹೆಸರೇ ಅಲ್ಲಿಲ್ಲ.

ವಿಚಾರಣೆಗೆ ಯಾರು ಬರಬಹುದು ಎಂಬುದು ಸೇವಾ ನಿಯಮಗಳಲ್ಲಿದೆ. ರಾಜ್ಯ ಸರ್ಕಾರದ ನೌಕರರಿಗೆ 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 11ನೇ ನಿಯಮ, ಕೇಂದ್ರದವರಿಗೆ 1965ರ ನಿಯಮಗಳ 14ನೇ ನಿಯಮ. ಕಠಿಣ ದಂಡನೆಯ ವಿಚಾರಣೆಗಳಿಗೆ ಮಾತ್ರ ಇದು ಅನ್ವಯ. ಲಘು ದಂಡನೆಗಾದರೆ ಸಾಮಾನ್ಯವಾಗಿ ಲಿಖಿತ ಸಮಜಾಯಿಷಿ ಪಡೆದು ಮುಗಿಸುತ್ತಾರೆ.

ಕೊಠಡಿಯಲ್ಲಿ ಇರುವವರು ಕೆಲವೇ ಜನ. ಶಿಸ್ತು ಪ್ರಾಧಿಕಾರ ನೇಮಿಸಿದ ವಿಚಾರಣಾಧಿಕಾರಿ, ಇಲಾಖೆಯ ಪರವಾಗಿ ಆರೋಪ ಮಂಡಿಸುವ ಮಂಡನಾಧಿಕಾರಿ, ಆರೋಪ ಹೊತ್ತ ನೌಕರ, ಆತನ ಸಹಾಯಕ, ಹೇಳಿಕೆ ಬರೆದುಕೊಳ್ಳುವ ಸಿಬ್ಬಂದಿ. ಸಾಕ್ಷಿಗಳು ತಮ್ಮ ಸರದಿ ಬಂದಾಗ ಒಳಗೆ ಬಂದು, ಹೇಳಿಕೆ ಮತ್ತು ಪಾಟೀಸವಾಲು ಮುಗಿದ ಮೇಲೆ ಹೊರಡುತ್ತಾರೆ. ಒಬ್ಬರು ಹೇಳಿದ್ದನ್ನು ಕೇಳಿಸಿಕೊಂಡು ಇನ್ನೊಬ್ಬರು ಹೇಳಬಾರದೆಂಬುದೇ ಇದರ ಉದ್ದೇಶ.

ಮನೆಯವರು, ಪತ್ರಕರ್ತರು, ಊರಿನ ಮುಖಂಡರು, ದೂರು ಕೊಟ್ಟವರ ಕಡೆಯ ಜನ ಕುಳಿತು ನೋಡಲು ಇದು ತೆರೆದ ನ್ಯಾಯಾಲಯವಲ್ಲ. ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಹೋಗಿ ಕೂರಬಹುದು ಎಂಬ ಮಾತೂ ಸರಿಯಲ್ಲ. ಆ ಕಾಯ್ದೆ ದಾಖಲೆಯಲ್ಲಿರುವ ಮಾಹಿತಿಗೆ ಸಂಬಂಧಿಸಿದ್ದು, ವಿಚಾರಣೆಯಲ್ಲಿ ಕುರ್ಚಿ ಕೊಡಿಸುವುದಿಲ್ಲ.

ನೌಕರನಿಗೆ ನಿಜವಾಗಿ ಇರುವ ಹಕ್ಕು ಸಹಾಯಕನದು. ಇನ್ನೊಬ್ಬ ಸರ್ಕಾರಿ ನೌಕರನ ನೆರವನ್ನು ಆತ ಪಡೆಯಬಹುದು. ಆ ಸಹಾಯಕ ಪಕ್ಕದಲ್ಲಿ ಸುಮ್ಮನೆ ಕೂರುವವನಲ್ಲ, ನೌಕರನ ಪರವಾಗಿ ಪ್ರಕರಣ ಮಂಡಿಸಬಹುದು, ಇಲಾಖೆಯ ಸಾಕ್ಷಿಗಳಿಗೆ ಪ್ರಶ್ನೆ ಹಾಕಬಹುದು. ಕೇಂದ್ರದ ನಿಯಮಗಳಲ್ಲಿ ನಿವೃತ್ತ ನೌಕರರಿಗೂ ಅವಕಾಶವಿದೆ. ಆದರೆ ಈಗಾಗಲೇ ಮೂರು ಪ್ರಕರಣ ಕೈಯಲ್ಲಿಟ್ಟುಕೊಂಡಿರುವ ಸೇವಾನಿರತ ನೌಕರರು ನಾಲ್ಕನೆಯದನ್ನು ಒಪ್ಪಿಕೊಳ್ಳುವಂತಿಲ್ಲ. ಸಂಘದ ಮುಖಂಡರು ಬರಬಹುದೇ ಎಂದು ಹಲವರು ಕೇಳುತ್ತಾರೆ. ಅವರು ಸ್ವತಃ ಸರ್ಕಾರಿ ನೌಕರರಾಗಿದ್ದರೆ ಸಹಾಯಕರಾಗಿ ಬರಬಹುದು, ಸಂಘದ ಪದವಿಯ ಬಲದಿಂದಲ್ಲ. ನಮ್ಮ ಅಭಿಪ್ರಾಯದಲ್ಲಿ, ಕಚೇರಿಯ ಕಡತ, ಟಿಪ್ಪಣಿ, ಸುತ್ತೋಲೆಗಳ ಒಳಹೊರಗು ಬಲ್ಲ ಹಿರಿಯ ಸಹೋದ್ಯೋಗಿ ಇಂಥಲ್ಲಿ ಎಷ್ಟೋ ವೇಳೆ ವಕೀಲರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಹಾಗಾದರೆ ವಕೀಲರಿಗೆ ಬಾಗಿಲು ಪೂರ್ತಿ ಮುಚ್ಚಿದೆಯೇ? ಇಲ್ಲ. ಮಂಡನಾಧಿಕಾರಿಯೇ ವಕೀಲರಾಗಿದ್ದರೆ ನೌಕರನೂ ವಕೀಲರನ್ನು ನೇಮಿಸಿಕೊಳ್ಳಬಹುದು. ಪ್ರಕರಣದ ಸ್ವರೂಪ ನೋಡಿ ಶಿಸ್ತು ಪ್ರಾಧಿಕಾರವೂ ಅನುಮತಿ ಕೊಡಬಹುದು. ಬಾಂಬೆ ಬಂದರು ಮಂಡಳಿಯ ನೌಕರರೊಬ್ಬರ ವಿಚಾರಣೆಯಲ್ಲಿ ಮಂಡಳಿ ತನ್ನ ಕಾನೂನು ಸಲಹೆಗಾರರನ್ನೇ ಮಂಡನಾಧಿಕಾರಿಯಾಗಿ ಕೂರಿಸಿ, ನೌಕರನಿಗೆ ಮಾತ್ರ ವಕೀಲರನ್ನು ನಿರಾಕರಿಸಿತ್ತು. ಇದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಹೀಗಾಗಿ ಎದುರು ಕುಳಿತಿರುವವರು ಕಾನೂನು ಬಲ್ಲವರೇ ಎಂದು ಮೊದಲೇ ವಿಚಾರಿಸಿಕೊಂಡು, ಅದೇ ಕಾರಣ ಬರೆದು ಅರ್ಜಿ ಕೊಡುವುದು ಒಳ್ಳೆಯದು.

ಲೈಂಗಿಕ ಕಿರುಕುಳದ ದೂರುಗಳ ದಾರಿಯೇ ಬೇರೆ. 2013ರ ಕಾಯ್ದೆಯಡಿ ಅದನ್ನು ದೂರು ಸಮಿತಿ ವಿಚಾರಿಸುತ್ತದೆ, ಅಧ್ಯಕ್ಷರೂ ಸೇರಿ ಕನಿಷ್ಠ ಮೂವರು ಸದಸ್ಯರು ಹಾಜರಿರಬೇಕು. ಸಮಿತಿಯ ಮುಂದೆ ಯಾವ ಹಂತದಲ್ಲೂ ಎರಡೂ ಕಡೆಯವರು ವಕೀಲರನ್ನು ತರುವಂತಿಲ್ಲ ಎಂದು ಆ ಕಾಯ್ದೆಯ ನಿಯಮಗಳು ಹೇಳುತ್ತವೆ. ದೂರುದಾರೆ, ಆರೋಪಿ, ಸಾಕ್ಷಿಗಳ ಗುರುತನ್ನು ಸಾರ್ವಜನಿಕಗೊಳಿಸುವುದಕ್ಕೂ ನಿಷೇಧವಿದೆ. ಆದ್ದರಿಂದ ವಿಚಾರಣೆಯ ಹೇಳಿಕೆಗಳ ಫೋಟೊ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.

ಇನ್ನು "ಹೋಗಬೇಡಿ" ಎಂಬ ಸಲಹೆಯ ವಿಷಯ. ನೋಟಿಸ್ ತಲುಪಿಯೂ ಹಾಜರಾಗದಿದ್ದರೆ ವಿಚಾರಣಾಧಿಕಾರಿ ಏಕಪಕ್ಷೀಯವಾಗಿ ಮುಂದುವರಿಯಬಹುದು. ಆಗಲೂ ಆತ ಇಲಾಖೆಯ ಪ್ರತಿನಿಧಿಯಂತೆ ವರ್ತಿಸುವಂತಿಲ್ಲ, ಇರುವ ಸಾಕ್ಷ್ಯದಿಂದ ಆರೋಪ ಸಾಬೀತಾಗುತ್ತದೆಯೇ ಎಂದು ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಸಾಕ್ಷಿಗೆ ಪ್ರಶ್ನೆ ಕೇಳುವವರೇ ಇಲ್ಲದ ಕೊಠಡಿಯಲ್ಲಿ ಸಾಕ್ಷ್ಯ ಹೇಗೆ ಕಾಣುತ್ತದೆ ಎಂದು ಯೋಚಿಸಿ.

ಹೋಗಲು ಸಾಧ್ಯವೇ ಆಗದಿದ್ದವರ ಕಥೆ ಬೇರೆ. ಕೋಲಾರದ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿಯೊಬ್ಬರು 1985ರಲ್ಲಿ ಅಮಾನತಾದರು. ಜೀವನಾಧಾರ ಭತ್ಯೆ ಸಿಗದೆ, ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲಾಗದೆ ಹೋದರು. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಲಾಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಒಪ್ಪಲಿಲ್ಲ. ಅದು ಸರ್ಕಾರಿ ಉದ್ಯಮವಾದರೂ, ಮಧ್ಯಪ್ರದೇಶ ಸರ್ಕಾರದ ನೌಕರರೊಬ್ಬರ ವಿಷಯದಲ್ಲಿ 1973ರಲ್ಲೇ ಇಂಥದೇ ತೀರ್ಪು ಬಂದಿತ್ತು. ಗಣಿಯ ಆ ಅಧಿಕಾರಿಗೆ ನ್ಯಾಯ ಸಿಗಲು ಹದಿನಾಲ್ಕು ವರ್ಷ ಹಿಡಿಯಿತು.

ನೋಟಿಸ್ ಬಂದ ಕೂಡಲೇ ಸಹಾಯಕರ ಹೆಸರು, ಹುದ್ದೆ, ಅವರ ಒಪ್ಪಿಗೆ ಪತ್ರವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೋರಿಕೆ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ. ಪ್ರತಿ ದಿನದ ಆರ್ಡರ್ ಶೀಟ್‌ಗೆ ಸಹಿ ಹಾಕುವ ಮುನ್ನ, ಅಂದು ಕೊಠಡಿಯಲ್ಲಿ ಹಾಜರಿದ್ದವರ ಹೆಸರುಗಳು ಸರಿಯಾಗಿ ಬರೆದಿವೆಯೇ ಎಂದು ಓದಿ ನೋಡಿ.